ಬೀಳುವವರ ಸಿನಿಮಾ

ಈ ಸಲ ಮೇ ತಿಂಗಳಲ್ಲಿ ಗೆಳತಿಯ ಮನೆಯ ನಾಮಕರಣಕ್ಕೆಂದು ಶ್ರೀನಿವಾಸಪುರಕ್ಕೆ ಹೋಗಿದ್ದೆ. ಮಾವಿನ ಮಂಡಿಗಳ ಸಾಲು ಬರುತ್ತಿದ್ದಂತೆ ಬಸ್ಸು ಲಾರಿಗಳ ನಡುವೆ ಸಿಕ್ಕಿಕೊಂಡು ನಿಂತಿತು. ಕಿಟಕಿಯಿಂದ ಆ ವಾಸನೆ ಒಳಗೆ ನುಗ್ಗಿತು. ತೊಟ್ಟು ಮುರಿದ ಕಾಯಿಯ ಸೊನೆ, ಬಿಸಿಲಿಗೆ ಕಾದ ಒಣಹುಲ್ಲು, ಎಲ್ಲೋ ಮೂಲೆಯಲ್ಲಿ ಕೊಳೆಯುತ್ತಿದ್ದ ತೋತಾಪುರಿ, ಡೀಸೆಲ್ ಹೊಗೆ, ಎಲ್ಲ ಕಲಸಿದ ವಾಸನೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಕಿಟಕಿ ಹಾಕಮ್ಮ" ಅಂದಳು. ನಾನು ಹಾಕಲಿಲ್ಲ. ಇನ್ನೊಂದಿಷ್ಟು ಸರಿಸಿದೆ. ಕೆಲವು ವರ್ಷಗಳ ಹಿಂದೆ ಒಂದು ಇಡೀ ಮಾವಿನ ಸೀಸನ್ನನ್ನು ನಾನು ಈ ವಾಸನೆಯಲ್ಲೇ ಕಳೆದವಳು. ಎಪ್ಪತ್ತು ದಾಟಿದ ನನ್ನ ಅಪ್ಪ ಮೊದಲ ಸಲ ಕ್ಯಾಮೆರಾದ ಮುಂದೆ ಬಿದ್ದದ್ದು ಇಲ್ಲೇ.

ಅಪ್ಪನ ಕಸುಬು ಬೀಳುವುದು. ಬೈರಕೂರಿನ ಕಡೆ ನಮಗೆ ಒಂದಿಷ್ಟು ಹಿಪ್ಪುನೇರಳೆ, ಒಂದಿಷ್ಟು ರಾಗಿ ಹೊಲ ಇದೆ. ರೇಷ್ಮೆ ಹುಳ ಸಾಕಿದ್ದೂ ಉಂಟು. ಆದರೆ ಸುತ್ತಲಿನ ಊರುಗಳಲ್ಲಿ ಮುನಿವೆಂಕಟಪ್ಪ ಯಾರು ಅಂತ ಕೇಳಿ ನೋಡಿ, ಯಾರೂ ಹೊಲದ ಕಡೆ ಕೈ ತೋರಿಸುವುದಿಲ್ಲ, ನಗುತ್ತಾರೆ. ಊರೂರಲ್ಲಿ ಪೌರಾಣಿಕ ನಾಟಕ ಆಡುವಾಗ, ರಾಜರೆಲ್ಲ ಒಳಗೆ ಬೀಡಿ ಸೇದಿ ಕಿರೀಟ ಬದಲಿಸುವ ಹೊತ್ತಿನಲ್ಲಿ ಪರದೆಯ ಮುಂದೆ ಬಂದು ಜನರನ್ನು ಹಿಡಿದು ಕೂರಿಸುತ್ತಿದ್ದ ಹಾಸ್ಯದ ಜೋಡಿ ಅಪ್ಪ ಮತ್ತು ಸೀನಪ್ಪಯ್ಯನವರದು. ಸೀನಪ್ಪಯ್ಯ ಮುಳಬಾಗಿಲಿನ ಪುರೋಹಿತರ ಮನೆಯವರು. ಪೂಜೆಯನ್ನು ತಮ್ಮಂದಿರಿಗೆ ಬಿಟ್ಟುಕೊಟ್ಟು, ಶ್ರೀನಿವಾಸಪುರದ ಒಂದು ಮಂಡಿಯಲ್ಲಿ ಲೆಕ್ಕ ಬರೆದು ಜೀವನ ಮಾಡಿದವರು. ಅವರು ಉದ್ದ, ಒಣಕಲು. ಅಪ್ಪ ಗಿಡ್ಡ, ದುಂಡಗೆ. ರಂಗದ ಮೇಲೆ ಅಪ್ಪ ಅವರನ್ನು "ಲೇ ಸೀನಾ" ಅನ್ನುತ್ತಿದ್ದರು, ಕೆನ್ನೆಗೆ ಬಾರಿಸುತ್ತಿದ್ದರು. ಹಲಗೆಯಿಂದ ಕೆಳಗಿಳಿದ ತಕ್ಷಣ, "ಸ್ವಾಮಿ, ಕಾಫಿ ತರ್ಲಾ?" ಪುರೋಹಿತರ ಮಗ ಒಕ್ಕಲಿನವನ ಕೈಯಲ್ಲಿ ಏಟು ತಿನ್ನುತ್ತಾನೆ ಅಂತ ಮುಳಬಾಗಿಲಲ್ಲಿ ಒಂದು ಕಾಲಕ್ಕೆ ಕೆಲವರು ಮುಖ ಕೆಡಿಸಿಕೊಂಡಿದ್ದರಂತೆ. ಸೀನಪ್ಪಯ್ಯ ಅವರಿಗೆ ಹೇಳಿದ್ದು ಒಂದೇ ಮಾತು: "ಕೆನ್ನೆ ನಂದು."

ನಮ್ಮದು ಗಡಿ ಸೀಮೆ. ಕನ್ನಡ ನಾಟಕಕ್ಕೆ ತೆಲುಗಿನವರು ಬಂದು ಕೂರುತ್ತಿದ್ದರು, ತೆಲುಗು ನಾಟಕಕ್ಕೆ ಕನ್ನಡದವರು. ಮಾತಿನ ಚಟಾಕಿ ಹಾರಿಸಿದರೆ ಚಾಪೆಯ ಮೇಲೆ ಕೂತ ಅರ್ಧ ಜನಕ್ಕೆ ಮಾತ್ರ ತಲುಪುತ್ತಿತ್ತು. ಬಿದ್ದರೆ ಎಲ್ಲರಿಗೂ ತಲುಪುತ್ತಿತ್ತು. ಅಪ್ಪ ಬೀಳುವುದನ್ನು ಕಲಿತದ್ದು ಹಾಗೆ. ಬೆಂಚಿನಿಂದ, ಏಣಿಯಿಂದ, ಕುರ್ಚಿ ಇದೆ ಅಂದುಕೊಂಡು ಇಲ್ಲದ ಜಾಗದಲ್ಲಿ ಕೂತು. ಅಮ್ಮ ಬೆಳಿಗ್ಗೆ ಹರಳೆಣ್ಣೆ ಬಿಸಿ ಮಾಡಿ ಬೆನ್ನಿಗೆ ತಿಕ್ಕುತ್ತಾ ಬಯ್ಯುತ್ತಿದ್ದಳು, ಅಪ್ಪ ಬೋರಲಾಗಿ ಮಲಗಿಕೊಂಡೇ ಮುಂದಿನ ಊರಿನ ಆಟದ ಮಾತಾಡುತ್ತಿದ್ದರು.

ನಮ್ಮ ಮನೆಯಲ್ಲಿ, ನಮ್ಮ ಮನೆಯೇನು, ಅಪ್ಪನ ಕಡೆ ಅಮ್ಮನ ಕಡೆ ಎರಡೂ ಸೇರಿಸಿದರೂ, ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಕೋಲಾರದಲ್ಲಿ ಓದುವಾಗ ವಿದ್ಯಾರ್ಥಿವೇತನಕ್ಕೆ ಸಂದರ್ಶನ ಅಂತ ಕರೆದಿದ್ದರು. ಮೇಜಿನ ಆ ಕಡೆ ಕೂತವರು, "ತಂದೆ ಏನು ಮಾಡ್ತಾರಮ್ಮ?" ಅಂದರು. "ಬೀಳ್ತಾರೆ ಸರ್" ಅಂದೆ. ಅವರು ನಕ್ಕರು. ನಗುವ ವಿಷಯವೇ, ನಗಲಿ. ಆದರೆ ಅವರು ನಕ್ಕು ಮುಗಿಸುವವರೆಗೂ ನಾನು ತಲೆ ತಗ್ಗಿಸಲಿಲ್ಲ. ನನ್ನ ಪುಸ್ತಕ, ಬಸ್ ಪಾಸು, ಹಾಸ್ಟೆಲಿನ ಅನ್ನ, ಎಲ್ಲ ಅಪ್ಪ ಬಿದ್ದು ಸಂಪಾದಿಸಿದ್ದು. ಈಗ ಮಾಲೂರಿನ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿದರೆ ಈಗಲೂ ಅದೇ ಉತ್ತರ.

ನವೀನ ಸಿಕ್ಕಿದ್ದು ಆ ಕಾಲೇಜಿನಲ್ಲೇ. ಮಾಲೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ, ಸೀಮಂತಗಳ ವಿಡಿಯೋ ಮಾಡುವ ಹುಡುಗ. ನಮ್ಮ ವಾರ್ಷಿಕೋತ್ಸವ ಚಿತ್ರೀಕರಿಸಲು ಬಂದಿದ್ದವನು ಅಪ್ಪನ ವಿಷಯ ಕೇಳಿ ಪಕ್ಕದ ಕುರ್ಚಿ ಎಳೆದುಕೊಂಡು ಕೂತುಬಿಟ್ಟ. ಕಿರುಚಿತ್ರಗಳ ಒಂದು ಸ್ಪರ್ಧೆಗೆ ಕಳಿಸಬೇಕೆಂದು ಒಂದು ಕಥೆ ಹುಡುಕುತ್ತಿದ್ದನಂತೆ. "ಮೇಡಂ, ಅವರಿಬ್ಬರದ್ದು ಎಲ್ಲಾದ್ರೂ ವಿಡಿಯೋ ಇದೆಯಾ?" ಅಂದ. ಇರಲಿಲ್ಲ. ಇಷ್ಟು ವರ್ಷ ಇಷ್ಟು ಊರು ನಗಿಸಿದವರದು ಒಂದು ನಿಮಿಷದ ತುಣುಕೂ ಎಲ್ಲೂ ಇರಲಿಲ್ಲ. ಇದ್ದದ್ದು ಒಂದು ಫೋಟೋ, ಅದರಲ್ಲೂ ಇಬ್ಬರೂ ಕೈಕಟ್ಟಿ ಗಂಭೀರವಾಗಿ ನಿಂತಿದ್ದಾರೆ. ನಾಟಕಗಳು ಕಡಿಮೆಯಾಗಿದ್ದವು. ಅಪ್ಪನ ಸೊಂಟ ಹಿಡಿದುಕೊಳ್ಳುತ್ತಿತ್ತು, ಸೀನಪ್ಪಯ್ಯ ಮೆಟ್ಟಿಲು ಹತ್ತುವಾಗ ಮೊಣಕಾಲಿಗೆ ಕೈ ಕೊಡುತ್ತಿದ್ದರು. ಈಗ ತೆಗೆಯದಿದ್ದರೆ ಇನ್ನು ಯಾವತ್ತೂ ಇಲ್ಲ ಅನ್ನುವುದು ನನಗೆ ಅವತ್ತೇ ಗೊತ್ತಾಯಿತು.

ಯುಗಾದಿ ಕಳೆದ ಮೇಲೆ ಅವನನ್ನು ಊರಿಗೆ ಕರೆದುಕೊಂಡು ಹೋದೆ. ಸೀನಪ್ಪಯ್ಯನೂ ಮುಳಬಾಗಿಲಿಂದ ಬಂದಿದ್ದರು. ಜಗಲಿಯ ಮೇಲೆ ಎಲ್ಲರೂ ಕೂತೆವು. ನವೀನ ಕಥೆ ಹೇಳಿದ. ಮಾವಿನ ಮಂಡಿಗೆ ಒಬ್ಬ ಕಾವಲುಗಾರ ಬೇಕು ಅಂದಾಗ ತಪ್ಪಿ ಇಬ್ಬರು ಮುದುಕರು ಬಂದುಬಿಡುತ್ತಾರೆ. ಇಬ್ಬರಿಗೂ ಸೇರಿ ಒಂದೇ ಬೆಂಚು, ಒಂದೇ ಸೀಟಿ. ಅದಕ್ಕಾಗಿ ಕಿತ್ತಾಟ. ಅಪ್ಪನ ಕಣ್ಣು ಆಗಲೇ ಬೆಂಚಿನ ಅಳತೆ ನೋಡುತ್ತಿತ್ತು.

"ಕೊನೇಲಿ ಮುನಿವೆಂಕಟಪ್ಪನೋರು ಬೆಂಚಿನ ಮೇಲೆ ಕೂತಂಗೇ ಪ್ರಾಣ ಬಿಡ್ತಾರೆ" ಅಂದ ನವೀನ. "ಸೀನಪ್ಪಯ್ಯನೋರು ಒಬ್ಬರೇ ನಿಂತ್ಕೊಂಡು ಸೀಟಿ ಊದ್ತಾರೆ. ಅಲ್ಲಿಗೆ ಜನ ಅತ್ತುಬಿಡ್ತಾರೆ."

ಅಪ್ಪ ಸೀನಪ್ಪಯ್ಯನ ಮುಖ ನೋಡಿದರು. ಸೀನಪ್ಪಯ್ಯ ವೀಳ್ಯದೆಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. "ನೋಡಪ್ಪ, ಇಷ್ಟು ವರ್ಷದಲ್ಲಿ ನಮ್ಮ ಐಟಂನಲ್ಲಿ ಒಬ್ಬನೂ ಸತ್ತಿಲ್ಲ. ಸಾಯೋರು ಬೇರೆ ಇರ್ತಾರೆ. ಅವರು ಕಿರೀಟ ಹಾಕ್ಕೊಂಡು ಬರ್ತಾರೆ."

"ಈಗಿನ ಜನಕ್ಕೆ ಒಂದು ಎಮೋಷನ್ ಬೇಕು ಸರ್."

"ನಗೋದೇನು, ಎಮೋಷನ್ ಅಲ್ವಾ?" ಅಂದೆ ನಾನು.

ಒಳಗೆ ರಾಗಿ ಕೇರುತ್ತಿದ್ದ ಅಮ್ಮ ಮೊರ ಕೆಳಗಿಡದೆಯೇ ಹೇಳಿದಳು, "ಸಾಯೋ ಪಾರ್ಟು ಅವರಿಗೆ ಕೊಡಬೇಡಪ್ಪ. ಒಂದು ಕಡೆ ತೆಪ್ಪಗೆ ಮಲಗೋ ಆಸಾಮಿ ಅಲ್ಲ. ಅರ್ಧಕ್ಕೇ ಎದ್ದು ಕಾಫಿ ಕೇಳ್ತಾರೆ."

ಎಲ್ಲರೂ ನಕ್ಕೆವು. ಅಪ್ಪ ಮಾತ್ರ ನಗಲಿಲ್ಲ. ಅವರು ಹಾಸ್ಯದ ವಿಷಯ ಮಾತಾಡುವಾಗ ನಗುವುದಿಲ್ಲ. "ನಗಿಸೋದಾದ್ರೆ ಬರ್ತೀನಿ. ಅಯ್ಯೋ ಪಾಪ ಅನ್ನಿಸೋಕೆ ಬರಲ್ಲ. ಆ ಕೆಲಸಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೋ" ಅಂದರು. ನವೀನ ಒಪ್ಪಿದ. ಒಪ್ಪಿದವನ ಮುಖ ಅಷ್ಟೇನೂ ಒಪ್ಪಿದ ಹಾಗೆ ಇರಲಿಲ್ಲ.

ಸೀನಪ್ಪಯ್ಯ ಕುರುಡುಮಲೆ ಗಣಪತಿಗೆ ಒಂದು ಕಾಯಿ ಒಡೆಸಿ, ತಾವು ಲೆಕ್ಕ ಬರೆದ ಹಳೆಯ ಮಂಡಿಯ ಯಜಮಾನರನ್ನು ಕೇಳಿ ಒಂದು ಮೂಲೆ ಗಿಟ್ಟಿಸಿದರು. ಮೇ ತಿಂಗಳ ನಡುವೆ ಶೂಟಿಂಗ್ ಶುರುವಾಯಿತು. ತಗಡಿನ ಸೂರಿನ ಕೆಳಗೆ ಕೂತರೆ ಬೆವರು ಅಂಗೈಯಿಂದಲೂ ಇಳಿಯುತ್ತಿತ್ತು. ಟ್ರಾಕ್ಟರುಗಳು ಬರುತ್ತಿದ್ದವು, ಕಾಯಿ ಸುರಿದು ಹೋಗುತ್ತಿದ್ದವು. ಬಾದಾಮಿ, ಬೇನಿಷಾ, ಒಂದೊಂದು ಜಾತಿಯ ಕಾಯಿಗೂ ಬೇರೆ ಬೇರೆ ರಾಶಿ. ರಾಶಿಗಳ ಸುತ್ತ ಕೂತು ಹೆಂಗಸರು ದೊಡ್ಡದು, ಚಿಕ್ಕದು, ಪೆಟ್ಟು ಬಿದ್ದದ್ದು ಅಂತ ವಿಂಗಡಿಸಿ ಕ್ರೇಟಿಗೆ ತುಂಬುತ್ತಿದ್ದರು. ಸೊನೆ ಬಿದ್ದು ಅವರ ಮುಂಗೈಯೆಲ್ಲ ಕಪ್ಪು ಕಲೆ. ಅವರಿಗೆಲ್ಲ ಹಿರಿಯಳು ಯಲ್ಲಮ್ಮ, ಗಡಿಯಾಚೆಯ ಹಳ್ಳಿಯವಳು. ಸೀನಪ್ಪಯ್ಯನನ್ನು ಹಳೆಯ ಕಾಲದಿಂದ ಬಲ್ಲವಳು. "ಲೆಕ್ಕದ ಅಯ್ಯನೋರು ಸಿನಿಮಾ ಸ್ಟಾರ್ ಆಗೋದ್ರು" ಅಂತ ಮೊದಲ ದಿನವೇ ಇಡೀ ಮಂಡಿಗೆ ಸಾರಿದಳು.

ಮೊದಲ ದೃಶ್ಯ ಸುಲಭದ್ದು. ಇಬ್ಬರೂ ಬೆಂಚಿನ ಎರಡು ತುದಿಯಲ್ಲಿ ಕೂತಿರುತ್ತಾರೆ. ಸೀನಪ್ಪಯ್ಯ ಯಜಮಾನ ಬಂದನೆಂದು ಗಡಬಡಿಸಿ ಏಳುತ್ತಾರೆ. ಹಗುರಾದ ಆ ತುದಿ ಮೇಲೆದ್ದು ಅಪ್ಪ ಹುಲ್ಲಿನ ರಾಶಿಗೆ ಬೀಳುತ್ತಾರೆ. ಎದ್ದು ಬಂದು ಸೀನಪ್ಪಯ್ಯನನ್ನು ಹೊಡೆಯಲು ಕೈ ಎತ್ತುತ್ತಾರೆ. ಸೀನಪ್ಪಯ್ಯ ಅದಕ್ಕೆ ಮೊದಲೇ ಕೈ ಎತ್ತಿರುತ್ತಾರೆ.

ನವೀನ ಎಲ್ಲರಿಗೂ ಹೇಳಿದ, ಯಾರೂ ಸದ್ದು ಮಾಡಬಾರದು, ಮೈಕು ಸೂಕ್ಷ್ಮ ಇದೆ. "ಸೈಲೆನ್ಸ್" ಅಂತ ಕೂಗಿದ. ಟೆಂಪೋದವನು ಎಂಜಿನ್ ಆರಿಸಿದ. ಯಲ್ಲಮ್ಮನ ಕಡೆಯವರು ಕಾಯಿ ಹಾಕುವುದನ್ನು ನಿಲ್ಲಿಸಿದರು. ಸೀನಪ್ಪಯ್ಯ ಎದ್ದರು. ಬೆಂಚು ಮೇಲೆದ್ದಿತು. ಅಪ್ಪ ಎರಡೂ ಕಾಲು ಆಕಾಶಕ್ಕೆ ಮಾಡಿ ಹುಲ್ಲಿಗೆ ಬಿದ್ದರು. ಬೀಳುವುದು ಅಂದರೆ ಹಾಗೆ ಬೀಳಬೇಕು. ಮೂಟೆ ಎಸೆದಂತೆ ಅಲ್ಲ. ಒಂದು ಕ್ಷಣ ಗಾಳಿಯಲ್ಲಿ ಕೂತು, ತಾನು ಬೀಳುತ್ತಿದ್ದೇನೆ ಅನ್ನುವುದು ಈಗಷ್ಟೇ ಗೊತ್ತಾದವರಂತೆ.

ಬಿದ್ದವರು ಏಳಲಿಲ್ಲ.

ಕ್ಯಾಮೆರಾ ಓಡುತ್ತಿತ್ತು. ಅಪ್ಪ ಹುಲ್ಲಿನಲ್ಲಿ ಅಂಗಾತ, ಒಂದು ಕಾಲು ಮಡಿಸಿ, ಅಲುಗದೆ. ಸೀನಪ್ಪಯ್ಯ ಎತ್ತಿದ ಕೈ ಎತ್ತಿದ ಹಾಗೇ ಬೊಂಬೆಯಂತೆ. ನವೀನ ಕಾದ. ಮತ್ತೂ ಕಾದ. ಆಮೇಲೆ ಅವನ ಬಾಯಿಂದ "ಅಯ್ಯೋ" ಅಂತ ಒಂದು ಸಣ್ಣ ದನಿ ಬಂತು. ಅಷ್ಟಕ್ಕೇ ಎಲ್ಲರೂ ನುಗ್ಗಿದರು. ಒಬ್ಬ ಆಂಬುಲೆನ್ಸಿಗೆ ಫೋನ್ ಹಚ್ಚಿದ. ಇನ್ನೊಬ್ಬ ಅಪ್ಪನ ಅಂಗಾಲು ಉಜ್ಜತೊಡಗಿದ. ಯಾರೋ ಕುಡಿಯುವ ನೀರಿನ ಕೊಡವನ್ನೇ ತಂದು ಮುಖದ ಮೇಲೆ ಬಗ್ಗಿಸಿದರು. ನಾನು ಹೇಗೆ ಅಲ್ಲಿಗೆ ತಲುಪಿದೆನೋ ನೆನಪಿಲ್ಲ. ಅಪ್ಪನ ತಲೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ.

ಅಪ್ಪ ಒಂದು ಕಣ್ಣು ತೆರೆದರು. ಮೂಗಿನಿಂದ ನೀರು ಊದಿದರು. "ಏನಾಯ್ತು ಪಾಪಾ?"

"ನಿಮಗೇನಾಯ್ತಪ್ಪಾ?"

"ನನಗೇನಾಗ್ತದೆ. ಯಾರೂ ನಗ್ಲಿಲ್ವಲ್ಲ, ಅದಕ್ಕೆ ಎದ್ದಿಲ್ಲ."

ಅವರಿಬ್ಬರ ಕೆಲಸದ ಮೊದಲ ಪಾಠ ಅದು. ಬಿದ್ದವನು ನಗು ಇಳಿಯುವ ತನಕ ಏಳಬಾರದು. ನಗು ಏರುತ್ತಿರುವಾಗ ಎದ್ದರೆ ಜನ ಮುಂದಿನದನ್ನು ನೋಡಲು ನಗುವನ್ನು ನುಂಗಿಕೊಳ್ಳುತ್ತಾರೆ, ಅರ್ಧಕ್ಕೆ ಕೊಯ್ದ ಹಾಗೆ. ಪೂರ್ತಿ ಇಳಿದ ಮೇಲೆ ಎದ್ದರೆ ಆರಿಹೋಗುತ್ತದೆ. ಇಳಿಯುವ ದಾರಿಯಲ್ಲಿರುವಾಗ ಎದ್ದು ಅದರ ಮೇಲೇ ಇನ್ನೊಂದು ಕಟ್ಟಬೇಕು. ಅಷ್ಟೂ ಹೊತ್ತು ಜೊತೆಗಾರನೂ ಅಲುಗುವ ಹಾಗಿಲ್ಲ. ಇಬ್ಬರೂ ಜೀವಮಾನವಿಡೀ ಅದಕ್ಕೇ ಕಿವಿ ಕೊಟ್ಟವರು. ಆ ಮಂಡಿಯ ನಿಶ್ಶಬ್ದದಲ್ಲಿ ಇಬ್ಬರೂ ಬರದ ನಗುವಿಗಾಗಿ ಕಾಯುತ್ತಿದ್ದರು.

"ನಾನೂ ಕಾಯ್ತಾ ಇದ್ದೆ ಮುನ್ಯಾ" ಅಂದರು ಸೀನಪ್ಪಯ್ಯ, ಆಗ ಕೈ ಇಳಿಸುತ್ತಾ. "ತೋಳು ಬಿದ್ದೋಯ್ತು. ನಿನ್ನ ಬೀಳೋದೇ ಕೆಟ್ಟೋಯ್ತೇನೋ ಅಂದ್ಕೊಂಡೆ."

"ಅದೇ ನನಗೂ ಭಯ ಆಗಿದ್ದು ಸ್ವಾಮಿ. ಚೆನ್ನಾಗೇ ಬಿದ್ದೆನಲ್ಲ ಅಂತ."

ಈಗ ಬರೆಯುವಾಗ ನಗು ಬರುತ್ತದೆ. ಅವತ್ತು ಯಾರಿಗೂ ಬರಲಿಲ್ಲ. ಆಂಬುಲೆನ್ಸ್ ಬಂದೇಬಿಟ್ಟಿತು, ಬಂದ ಮೇಲೆ ಸುಮ್ಮನೆ ಕಳಿಸುವುದು ಹೇಗೆ ಅಂತ ಅಪ್ಪನ ಬಿಪಿ ನೋಡಿದರು, ಸರಿಯಾಗಿತ್ತು. ಸುಮ್ಮನಿರಲಾರದ ಯಾರೋ ಅದನ್ನೆಲ್ಲ ಫೋನಿನಲ್ಲಿ ಹಿಡಿದಿದ್ದರು. ನೀರು ಸುರಿದುಕೊಂಡು ಮಗಳ ತೊಡೆಯ ಮೇಲೆ ಮಲಗಿದ ಮುದುಕ, ಕೆಳಗೆ "ಶೂಟಿಂಗ್ ವೇಳೆ ಕುಸಿದ ಹಿರಿಯ ಕಲಾವಿದ" ಅಂತ ಬರಹ, ಕೈಮುಗಿದ ಚಿತ್ರಗಳು. ಸಂಜೆಗೆ ಅದು ನಮ್ಮ ನೆಂಟರ ಗುಂಪುಗಳನ್ನೆಲ್ಲ ಸುತ್ತಿ ಬಂತು. ಅಪ್ಪನ ಬದುಕಿನ ಮೊದಲ ವಿಡಿಯೋ ಅದೇ ಆಗಿಹೋಯಿತು. ನನಗೆ ಹೊಟ್ಟೆ ಉರಿದದ್ದು ಅದಕ್ಕೆ.

ಸುಗಟೂರಿನಿಂದ ಸೋದರಮಾವ ಫೋನ್ ಮಾಡಿದರು. "ಏನಮ್ಮಾ ಭಾಗ್ಯಾ, ಅಪ್ಪನ್ನ ಈ ವಯಸ್ಸಲ್ಲಿ ಬೀಳಿಸ್ತಾ ಇದೀಯಂತೆ?"

"ನಾನು ಬೀಳಿಸ್ತಿಲ್ಲ ಮಾಮ. ಅವರೇ ಬೀಳ್ತಾರೆ. ಅವರಿಗೆ ಬರ್ತದೆ."

"ಓದಿದೋಳು ನೀನು. ನೀನಲ್ವಾ ತಿಳಿಸಿ ಹೇಳ್ಬೇಕಾದೋಳು? ಮಗಳು ಲೆಕ್ಚರರ್ ಆಗಿ ಅಪ್ಪ ಹುಲ್ಲಲ್ಲಿ ಹೊರಳಾಡಿದ್ರೆ ಜನ ಏನಂತಾರೆ?"

"ಹೊರಳಾಡಿದ್ದಕ್ಕೇ ಮಗಳು ಲೆಕ್ಚರರ್ ಆಗಿದ್ದು ಮಾಮ. ಕೇಳಿದೋರಿಗೆ ಹಂಗೇ ಹೇಳಿ."

ಅವರು ಫೋನ್ ಇಟ್ಟರು. ಇನ್ನೂ ಎಷ್ಟೋ ಜನ ಮಾಡಿದರು, ಎಲ್ಲರ ದನಿಯಲ್ಲೂ ಅದೇ ಕನಿಕರ. ಓದು ಅಂದರೆ ಏನು ಅಂದುಕೊಂಡಿದ್ದರೋ ಅವರೆಲ್ಲ. ಅಪ್ಪನನ್ನು ಬಿಳಿ ಪಂಚೆ ಉಡಿಸಿ ಕುರ್ಚಿಯಲ್ಲಿ ಕೂರಿಸಿ, ಬಂದವರೆದುರು ಕೆಮ್ಮದಂತೆ ನೋಡಿಕೊಳ್ಳುವುದು ಅಂತಲೋ ಏನೋ. ಹೆದರಿಕೆ ಇರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆ ರಾತ್ರಿ ಅಮ್ಮನನ್ನು ಕೇಳಿದೆ, ನಿಲ್ಲಿಸಿಬಿಡಲಾ ಅಂತ. ಎಣ್ಣೆ ಬಟ್ಟಲು ಕೈಯಲ್ಲಿ ಹಿಡಿದಿದ್ದ ಅಮ್ಮ, "ಸೊಂಟ ಯಾರದ್ದೇ? ತಿಕ್ಕೋಳು ಯಾರೇ? ಅವರಿಗೂ ನನಗೂ ಬೇಡ ಅನ್ನಿಸಿದಾಗ ನಿಲ್ಲಿಸ್ತೀವಿ" ಅಂದಳು.

ಆದರೆ ನವೀನ ಹೆದರಿದ್ದ. ಮರುದಿನ ಮಂಡಿಗೆ ಬಂದವನು ಹೊಸ ಯೋಜನೆ ತಂದಿದ್ದ. ಬೀಳುವ ಕಡೆ ಹುಲ್ಲು ತುಂಬಿದ ಬೊಂಬೆ ಇಡೋಣ. ಸರ್ ಬರೀ ಕೂತಿರಲಿ. ಮುಖದ ಸುಕ್ಕುಗಳನ್ನು ಹತ್ತಿರದಿಂದ ತೋರಿಸೋಣ, ಹಳೆಯ ದಿನಗಳ ಮಾತಾಡಲಿ. "ನಿನ್ನೆ ಆಗಿದ್ದನ್ನೇ ಕಥೆಗೆ ಸೇರಿಸಿದ್ರೆ ಎಷ್ಟು ಚೆನ್ನಾಗಿರ್ತದೆ ಮೇಡಂ. ಮಗಳ ತೊಡೆ ಮೇಲೆ ತಂದೆ. ನಿಜವಾದ ದೃಶ್ಯ ಅದು."

"ನಿಜವಾಗಿ ಅಲ್ಲಿ ಏನೂ ಆಗಿರಲಿಲ್ಲ ನವೀನ್" ಅಂದೆ. "ಅವರು ನಗುಗೆ ಕಾಯ್ತಿದ್ರು. ನೀವು ನಗ್ಬೇಡಿ ಅಂತ ಹೇಳಿದ್ರಿ. ಅಷ್ಟೇ ಆಗಿದ್ದು. ಇವತ್ತು ಸೈಲೆನ್ಸ್ ಅನ್ನಬೇಡಿ."

"ಸೌಂಡ್ ಕೆಟ್ಟೋಗ್ತದೆ."

"ಕೆಡಲಿ."

"ಕಾಲೇಜಲ್ಲಿ ಮಕ್ಕಳು ಗಲಾಟೆ ಮಾಡಿದ್ರೆ ಪಾಠ ಮಾಡ್ತೀರಾ ಮೇಡಂ ನೀವು?"

"ಪಾಠ ಬೇರೆ. ಇದು ಅವರಿಬ್ಬರ ಕೆಲಸ. ಅದರ ಅರ್ಧ ಜನರ ಹತ್ರ ಇದೆ. ಆ ಅರ್ಧನ ನೀವು ಹೊರಗೆ ನಿಲ್ಲಿಸಿದ್ರೆ ಇನ್ನರ್ಧ ಸತ್ತಂಗೇ ಮಲಗ್ತದೆ. ನೋಡಿದ್ರಲ್ಲ."

ಅಷ್ಟರಲ್ಲಿ ಯಲ್ಲಮ್ಮ ಎದ್ದು ಬಂದಳು. ಸೊಂಟದ ಮೇಲೆ ಕೈ ಇಟ್ಟುಕೊಂಡು ನವೀನನ ಮುಂದೆ ನಿಂತಳು. "ನಿನ್ನೆ ನಾವು ಸೆರಗು ಬಾಯಿಗೆ ತುರುಕ್ಕೊಂಡು ಕೂತಿದ್ವಿ ಸಾರ್. ನಂಗೆ ಉಸಿರು ಕಟ್ಟಿ ಕಣ್ಣಲ್ಲಿ ನೀರು. ಆ ಸನ್ನಮ್ಮ ನೋಡಿ, ಬಿಕ್ಕಳಿಕೆ ಹತ್ಕೊಂಡು ಮನೆಗೋಗೋವರ್ಗೂ ನಿಲ್ಲಿಲ್ಲ. ನವ್ವೊದ್ದು ಅಂಟೇ ಎಟ್ಲಾ ಸಾರ್? ನಗಬೇಡ ಅನ್ನೋದಾದ್ರೆ ಆ ಅಯ್ಯಂದಿರನ್ನ ಯಾಕೆ ಕರ್ಕೊಂಡ್ ಬಂದ್ರಿ?"

ನವೀನ ಹೆಂಗಸರ ಕಡೆ ನೋಡಿದ. ಅವರು ಆಗಲೇ ಕಾಯಿ ಬಿಟ್ಟು ಹತ್ತಿರ ಸರಿದು ಚಕ್ಕಳ ಮಕ್ಕಳ ಹಾಕಿ ಕೂತಾಗಿತ್ತು. ಹಮಾಲಿಗಳು ಕ್ರೇಟುಗಳ ಮೇಲೆ ಹತ್ತಿ ಕೂತಿದ್ದರು. ಮಂಡಿ ಯಜಮಾನರೂ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ ಎದ್ದು ಬಂದಿದ್ದರು. ಅವನು ಕ್ಯಾಮೆರಾದ ಹಿಂದೆ ಹೋಗಿ ನಿಂತ.

ಅವತ್ತು ಅಪ್ಪ ಬಿದ್ದರು. ನಗು ಮೊದಲು ಹೆಂಗಸರ ಕಡೆಯಿಂದ ಎದ್ದಿತು, ಕ್ರೇಟುಗಳ ಮೇಲಕ್ಕೆ ಹತ್ತಿತು, ತಗಡಿನ ಸೂರಿಗೆ ಹೊಡೆದು ಕೆಳಗೆ ಬಂತು. ಅಪ್ಪ ಹುಲ್ಲಿನಲ್ಲಿ ಮಲಗಿದ್ದರು. ನಾನು ಅವರ ಮಡಿಸಿದ ಕಾಲನ್ನೇ ನೋಡುತ್ತಿದ್ದೆ. ನಗು ತುದಿ ಮುಟ್ಟಿ ಇನ್ನೇನು ಇಳಿಯಬೇಕು ಅನ್ನುವಾಗ ಆ ಕಾಲು ಅಲುಗಿತು. ಹುಲ್ಲಿನೊಳಗಿಂದ ತಲೆ ಬಂತು, ಬಾಯಲ್ಲಿ ಒಂದು ಹುಲ್ಲೆಳೆ. ಎದ್ದು ನಡೆದು ಬಂದು ಕೈ ಎತ್ತಿದರು. ಸೀನಪ್ಪಯ್ಯ ಮೊದಲೇ ಎತ್ತಿದ್ದ ಕೈಯಿಂದ ಫಟ್ ಅನ್ನಿಸಿದರು. ಮಂಡಿಯಲ್ಲಿ ನಗು ಮತ್ತೆ ಎದ್ದಿತು. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಹುಡುಗಿಯಾಗಿದ್ದಾಗ ಚಾಪೆಯ ಮೇಲೆ ಕೂತು ನೋಡಿದ್ದೆಲ್ಲ ಅಲ್ಲಿತ್ತು, ಒಂದಿಷ್ಟೂ ಮುಕ್ಕಾಗದೆ. ಕ್ಯಾಮೆರಾದ ಹಿಂದೆ ನವೀನನ ಭುಜ ಕುಣಿಯುತ್ತಿತ್ತು. ಆ ತುಣುಕಿನಲ್ಲಿ ಚಿತ್ರ ಸ್ವಲ್ಪ ಅಲುಗಾಡಿದೆ, ಈಗಲೂ ನೋಡಬಹುದು.

ಜೂನ್ ಬಂತು. ಒಂದು ಮಧ್ಯಾಹ್ನ ಗಾಳಿ ಮಳೆ ಹೊಡೆದು ಸೂರಿನ ಒಂದು ತಗಡು ಕಿತ್ತುಹೋಯಿತು, ಹುಲ್ಲೆಲ್ಲ ನೆನೆಯಿತು. ಆ ದಿನ ಶೂಟಿಂಗ್ ಇಲ್ಲ. ಇಬ್ಬರೂ ಕ್ರೇಟು ಬೋರಲು ಹಾಕಿಕೊಂಡು ಕೂತು ಬೇನಿಷಾ ಹಣ್ಣು ತಿನ್ನುತ್ತಾ, ಯಾವ ಊರಿನಲ್ಲಿ ಯಾವ ರಾಜನ ಮೀಸೆ ಕಿತ್ತುಬಂತು ಅಂತ ನೆನೆಸಿಕೊಂಡು ಹೆಂಗಸರನ್ನು ನಗಿಸಿದರು. ಸೀಸನ್ನು ಕೊನೆಗೆ ಬರುವ ತೋತಾಪುರಿಗೆ ಬಂದು ನಿಂತಾಗ ಸಿನಿಮಾ ಮುಗಿದಿತ್ತು. ಏಣಿಯ ಒಂದು ಐಟಂ ಮಾತ್ರ ಅಪ್ಪನೇ ಬೇಡ ಅಂದರು. "ಬೆಂಚು ಸಾಕು. ಏಣಿಗೆ ಈಗ ನಾನು ಸಾಲಲ್ಲ." ಅದನ್ನು ಅವರು ಹೇಳಿದ್ದು ಬೆಂಚಿಗೆ ಮೊಳೆ ಸರಿಯಾಗಿದೆಯಾ ನೋಡುತ್ತಾ, ಇನ್ಯಾರದೋ ವಿಷಯದ ಹಾಗೆ.

ಆಮೇಲೆ ಒಂದು ದಿನ ನವೀನ ಮಾಲೂರಿನ ಸ್ಟುಡಿಯೋಗೆ ಕರೆದ. ಅಪ್ಪ, ಸೀನಪ್ಪಯ್ಯ ಇಬ್ಬರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ತಮ್ಮ ಆಟವನ್ನು ತಾವು ಎಂದೂ ನೋಡಿದವರಲ್ಲ. ಟೀ ಬಂತು. ಸಿನಿಮಾ ಶುರುವಾಯಿತು.

ಅಪ್ಪ ಬಿದ್ದರು. ಪಿಟೀಲು ಅಳತೊಡಗಿತು. ಮಂಡಿಯ ನಗುವನ್ನು ಅಳಿಸಿ, ಬೀಳುವುದನ್ನು ನಿಧಾನ ಮಾಡಿ, ಅದರ ಕೆಳಗೆ ಉದ್ದುದ್ದ ಎಳೆಯುವ ಪಿಟೀಲು ಹಾಕಿದ್ದ. ಅದೇ ಬೆಂಚು, ಅದೇ ಹುಲ್ಲು, ಅದೇ ಕಾಲು. ಏಟು ಬೀಳುವ ಕಡೆ ಕೊಳಲು ಬೇರೆ. ಇಬ್ಬರೂ ಆ ದೃಶ್ಯ ಮುಗಿಯುವವರೆಗೂ ನೋಡಿದರು.

"ಇದರಲ್ಲಿ ಯಾರು ಸತ್ತೋದ್ರು ನವೀನಾ?" ಅಂದರು ಅಪ್ಪ.

"ಯಾರೂ ಇಲ್ಲ ಸರ್."

"ಮತ್ತೆ ಯಾಕಪ್ಪ ಹಿಂಗೆ?"

ನವೀನ ನನ್ನ ಕಡೆ ತಿರುಗಿದ. "ಸ್ಪರ್ಧೆಯೋರು ಬರೀ ಕಾಮಿಡಿ ತಗೊಳಲ್ಲ ಮೇಡಂ. ನಿಮ್ಮಂಥ ಓದಿದೋರಾದ್ರೂ ಅರ್ಥ ಮಾಡ್ಕೋಬೇಕು. ಇದು ಅವರಿಗೆ ಗೌರವ."

"ಮಾತು ಕೊಟ್ಟಿದ್ರಿ ನವೀನ್. ನಗಿಸ್ತೀವಿ ಅಂತ ಕರ್ಕೊಂಡ್ ಬಂದ್ರಿ. ಸ್ಪರ್ಧೆ ತಗೊಳ್ದಿದ್ರೆ ಬೇಡ. ಪಿಟೀಲು ತೆಗೀರಿ, ಯಲ್ಲಮ್ಮನ ನಗು ಹಾಕ್ರಿ. ಇಲ್ಲಾಂದ್ರೆ ಇಡೀ ಸಿನಿಮಾನೇ ಅಳಿಸಿಬಿಡಿ. ಸುಳ್ಳಾಗಿ ಉಳಿಯೋದಕ್ಕಿಂತ ಇಲ್ದೇ ಹೋಗೋದು ವಾಸಿ."

ಅಳಿಸಿಬಿಟ್ಟರೆ ಮತ್ತೆ ಏನೂ ಇರುತ್ತಿರಲಿಲ್ಲ. ನವೀನ ಪರದೆಯ ಕಡೆ ತಿರುಗಿದ. ಆಮೇಲೆ ಏನನ್ನೋ ಒತ್ತಿದ. ಪಿಟೀಲು ಹೋಯಿತು. ನಿಧಾನವೂ ಹೋಯಿತು. ಸಣ್ಣ ಸ್ಪೀಕರಿನಿಂದ ಮಂಡಿ ಹೊರಗೆ ಬಂತು. ಹೆಂಗಸರ ನಗು, ಯಾರದೋ ಕೆಮ್ಮು, ಹಿಂದೆ ಎಲ್ಲೋ ಹಾರನ್ನು, ಸನ್ನಮ್ಮನ ಬಿಕ್ಕಳಿಕೆ.

ಸೀನಪ್ಪಯ್ಯ ಕುರ್ಚಿಯ ಅಂಚಿಗೆ ಬಂದಿದ್ದರು. "ಲೇ ಮುನ್ಯಾ, ನೀನು ಇಷ್ಟು ಚೆನ್ನಾಗಿ ಬೀಳ್ತಿದ್ಯೇನೋ? ನಂಗೆ ಜನರ ಕಡೆ ಮುಖ ಮಾಡಿ ನಿಂತು ನಿಂತು, ನೋಡೇ ಇರ್ಲಿಲ್ಲ."

"ಕಾಲು ಸ್ವಲ್ಪ ಬೇಗ ಎತ್ತಿಬಿಟ್ಟಿದೀನಿ ಸ್ವಾಮಿ" ಅಂದರು ಅಪ್ಪ. ಆದರೆ ನಗುತ್ತಿದ್ದರು.

ಸಿನಿಮಾ ಮುಗಿದು ಪರದೆ ಕಪ್ಪಾಯಿತು. ಬಿಳಿ ಅಕ್ಷರಗಳು ಬಂದವು. ಅಪ್ಪ ಅಕ್ಷರ ಕೂಡಿಸಿ ಕೂಡಿಸಿ ಓದಿದರು, "ಮರೆಯಾಗುತ್ತಿರುವ ಕಲೆಯೊಂದಕ್ಕೆ ನಮನ."

"ಯಾರಪ್ಪ ಮರೆಯಾಗ್ತಿರೋದು? ನಾವಿಬ್ರೂ ಇಲ್ಲೇ ಕೂತಿದೀವಲ್ಲ."

"ಬದುಕಿರೋರಿಗೆ ತಿಥಿ ಮಾಡ್ಬಾರ್ದು ನವೀನಾ" ಅಂದರು ಸೀನಪ್ಪಯ್ಯ. "ಪುರೋಹಿತರ ಮನೆಯೋನು ಹೇಳ್ತಾ ಇದೀನಿ, ಕೇಳು."

ನವೀನ ಸೋತು ನಕ್ಕ. "ಹಂಗಾದ್ರೆ ಅಲ್ಲಿ ಏನು ಹಾಕ್ಲಿ ಸರ್?"

"ಫೋನ್ ನಂಬರ್ ಹಾಕು. ನೋಡಿದೋರು ಕರೀಬೇಕಲ್ಲ."

ಅಪ್ಪನ ಫೋನು ಸದಾ ಚಾರ್ಜ್ ಇಲ್ಲದೆ ಸತ್ತಿರುತ್ತದೆ, ಸೀನಪ್ಪಯ್ಯನದು ರಿಂಗಾದರೆ ಅವರಿಗೆ ಕೇಳಿಸುವುದಿಲ್ಲ. ನನ್ನ ನಂಬರ್ ಹಾಕಿದೆವು. "ಕಾರ್ಯಕ್ರಮಗಳಿಗೆ ಸಂಪರ್ಕಿಸಿ" ಅಂತ ಮೇಲೆ ಒಂದು ಸಾಲು.

ಸ್ಪರ್ಧೆಯಲ್ಲಿ ಸಿನಿಮಾ ಆಯ್ಕೆಯಾಗಲಿಲ್ಲ. ಸಂದೇಶ ಸ್ಪಷ್ಟವಾಗಿಲ್ಲ ಅಂದರಂತೆ. ಬೇರೆ ಎಲ್ಲಿಗೂ ನಾವು ಕಳಿಸಲಿಲ್ಲ. ಯಲ್ಲಮ್ಮನ ಕಡೆಯವರು ಕಳಿಸಿದರು, ಫೋನಿಂದ ಫೋನಿಗೆ, ಮಂಡಿಯಿಂದ ಮಂಡಿಗೆ, ಗಡಿ ದಾಟಿ ಆ ಕಡೆಗೆ. ಮಾಮ ಕೂಡ ತಮ್ಮ ಗುಂಪಿಗೆ ಹಾಕಿದ್ದರು, ನನಗೆ ಹೇಳಲಿಲ್ಲ.

ಪಾಠದ ಮಧ್ಯೆ ಫೋನ್ ಎತ್ತಬಾರದು ಅನ್ನುವುದು ನನಗೂ ಗೊತ್ತು. ಎತ್ತುತ್ತೇನೆ. ಹೋದ ವಾರವೂ ಬೋರ್ಡಿನ ಮೇಲೆ ಸವಕಳಿಯ ಲೆಕ್ಕ ಅರ್ಧ ಬರೆದಿದ್ದೆ, ಹೊಸ ನಂಬರಿನಿಂದ ಬಂತು. ತೆಲುಗು ಬೆರೆತ ಕನ್ನಡದ, ಅನುಮಾನದ ದನಿ.

"ಅಮ್ಮಾ, ಆ ಬೀಳೋ ತಾತಂದಿರು... ಇನ್ನೂ ಇದಾರಾ?"

"ಇದಾರೆ" ಅಂದೆ. "ಯಾವತ್ತಿಗೆ ಬೇಕು?"